ಮಿಡತೆ ದಂಡಿಗೆ ನಾಯಕನಿದ್ದಾನಾ? ಗುಟ್ಟು ಬಿಡಿಸಿದ ಬೋರಿಸ್ ಉವಾರೋವ್

ಹೊಲದಲ್ಲಿ ನಾಲ್ಕು ಮಿಡತೆ ಕಂಡರೆ ಸಾಕು, ಮಿಡತೆ ದಂಡು ಬಂತು ಎಂಬ ವಿಡಿಯೊ ಗ್ರೂಪ್‌ನಿಂದ ಗ್ರೂಪ್‌ಗೆ ಹಾರುತ್ತದೆ. 2020ರ ಮೇ ತಿಂಗಳಲ್ಲಿ ಮರುಭೂಮಿ ಮಿಡತೆಗಳು ಮಹಾರಾಷ್ಟ್ರದ ಅಮರಾವತಿ, ನಾಗಪುರದವರೆಗೆ ಬಂದಾಗ ನಮ್ಮ ಗಡಿ ಜಿಲ್ಲೆಗಳಲ್ಲೂ ಆತಂಕವಿತ್ತು. ದಂಡು ಕರ್ನಾಟಕಕ್ಕೆ ಬರಲಿಲ್ಲ. ಆದರೂ ಕೋಲಾರದಲ್ಲಿ ಎಕ್ಕದ ಗಿಡದ ಮೇಲಿದ್ದ ಸ್ಥಳೀಯ ಮಿಡತೆಗಳನ್ನು ಕಂಡು ಜನ ಹೆದರಿದ್ದರು. ಇಂಡಿ, ಸಿಂದಗಿ, ಮುದ್ದೇಬಿಹಾಳ, ಬಸವನ ಬಾಗೇವಾಡಿಯ ತೊಗರಿ, ಜೋಳದ ಹೊಲಗಳಲ್ಲೂ ಮಿಡತೆ ಇದ್ದೇ ಇರುತ್ತದೆ. ಹಾಗಾದರೆ ಒಂಟಿ ಮಿಡತೆ ದಂಡಾಗುವುದು ಯಾವಾಗ? ಇದನ್ನು ಬಿಡಿಸಿದ ವ್ಯಕ್ತಿಯ ಬದುಕನ್ನು ನೋಡೋಣ.

ಯಾರು ಈ ಉವಾರೋವ್?

ಬೋರಿಸ್ ಉವಾರೋವ್ ಹುಟ್ಟಿದ್ದು ಇಂದಿನ ಕಝಾಕಿಸ್ತಾನದಲ್ಲಿರುವ ಉರಾಲ್ಸ್ಕ್ ಊರಿನಲ್ಲಿ. ಸೇಂಟ್ ಪೀಟರ್ಸ್‌ಬರ್ಗ್‌ನಲ್ಲಿ ಓದಿ, ರಷ್ಯಾದ ಸ್ಟಾವ್ರೊಪೋಲ್‌ನಲ್ಲಿ ಮಿಡತೆ ನಿಯಂತ್ರಣದ ಕೆಲಸಕ್ಕೆ ಸೇರಿದರು. ಅಲ್ಲಿ ಎರಡು ಬಗೆಯ ಮಿಡತೆಗಳಿದ್ದವು. ಒಂದು ದಂಡು ಕಟ್ಟುತ್ತಿತ್ತು, ಇನ್ನೊಂದು ಒಂಟಿಯಾಗಿ ಬದುಕುತ್ತಿತ್ತು. ಇವು ಬೇರೆ ಬೇರೆ ಜಾತಿ ಎಂದೇ ಎಲ್ಲರೂ ನಂಬಿದ್ದರು. ಆದರೆ ದಂಡಿನ ಮಿಡತೆ ಇಟ್ಟ ಮೊಟ್ಟೆಗಳಿಂದ ಒಂಟಿ ಬಗೆಯ ಮರಿಗಳೂ ಬೆಳೆದದ್ದನ್ನು ಉವಾರೋವ್ ಕಂಡರು.

ಮುಂದೆ ಟಿಫ್ಲಿಸ್‌ನಲ್ಲಿ ಕೆಲಸ ಮಾಡಿ, 1920ರಲ್ಲಿ ಲಂಡನ್‌ಗೆ ಹೋದರು. 1921ರಲ್ಲಿ ತಮ್ಮ ಸಿದ್ಧಾಂತ ಪ್ರಕಟಿಸಿದರು: ಇವು ಎರಡು ಜಾತಿಯಲ್ಲ, ಒಂದೇ ಜೀವಿಯ ಎರಡು ಅವಸ್ಥೆ. 1945ರಲ್ಲಿ ಲಂಡನ್‌ನ ಮಿಡತೆ ನಿಯಂತ್ರಣ ಸಂಶೋಧನಾ ಕೇಂದ್ರದ ನಿರ್ದೇಶಕರಾಗಿ, 1959ರವರೆಗೆ ದುಡಿದರು. ಹಿಂಡು ದೇಶದ ಗಡಿ ನೋಡುವುದಿಲ್ಲ, ಹಾಗಾಗಿ ದೇಶಗಳು ಮಾಹಿತಿ ಹಂಚಿಕೊಳ್ಳಲೇಬೇಕು ಎಂಬುದು ಅವರ ಕೆಲಸದ ತಿರುಳು. 1970ರಲ್ಲಿ ತೀರಿಕೊಂಡರು.

ದಂಡು ಕಟ್ಟುವುದು ಹೇಗೆ?

ಉತ್ತರದ ಉಳಿದ ಭಾಗ ಸಿಕ್ಕಿದ್ದು ಅವರ ನಂತರ. ಮಳೆ ಬಂದು ಮರಿಗಳು ಹೆಚ್ಚುತ್ತವೆ. ಹಸಿರು ಒಣಗಿದಾಗ ಉಳಿದ ಮೇವಿನ ಸುತ್ತ ಅವು ಒತ್ತೊತ್ತಾಗಿ ಸೇರುತ್ತವೆ. ಹಿಂಗಾಲುಗಳು ಪದೇ ಪದೇ ತಾಗಿದಾಗ ದೇಹದಲ್ಲಿ ಸೆರೊಟೋನಿನ್ ಏರುತ್ತದೆ. ಕೆಲವೇ ಗಂಟೆಗಳಲ್ಲಿ ಒಂಟಿ ಮಿಡತೆ ಗುಂಪನ್ನು ಹುಡುಕತೊಡಗುತ್ತದೆ. 2006ರಲ್ಲಿ ಪ್ರಕಟವಾದ ಪ್ರಯೋಗದಲ್ಲಿ ಮರಿಗಳನ್ನು ಉಂಗುರದಾಕಾರದ ಅಂಗಳದಲ್ಲಿ ಬಿಟ್ಟರು. ಕಡಿಮೆ ಇದ್ದಾಗ ದಿಕ್ಕಾಪಾಲಾಗಿ ಓಡಾಡಿದವು. ಸಂಖ್ಯೆ ಒಂದು ಮಿತಿ ದಾಟಿದಾಗ ಎಲ್ಲವೂ ಒಂದೇ ದಿಕ್ಕಿಗೆ ನಡೆದವು. ಹಿಂದಿನ ಮಿಡತೆ ಕಚ್ಚಿ ತಿನ್ನಬಹುದೆಂಬ ಭಯವೂ ಅವನ್ನು ಮುಂದಕ್ಕೆ ದೂಡುತ್ತದೆ ಎಂದು ನಂತರದ ಅಧ್ಯಯನಗಳು ತೋರಿಸಿವೆ. ಅಂದರೆ ದಂಡಿಗೆ ರಾಜನೂ ಇಲ್ಲ, ನಾಯಕನೂ ಇಲ್ಲ.

ಫಾರ್ವರ್ಡ್ ಮಾಡುವ ಮುನ್ನ

ಸಾವಿರಾರು ಜಾತಿಯ ಮಿಡತೆಗಳಲ್ಲಿ ದಂಡು ಕಟ್ಟುವುದು ಸುಮಾರು 20 ಮಾತ್ರ. ಅಪಾಯವಂತೂ ನಿಜ. ಒಂದು ಚದರ ಕಿಲೋಮೀಟರ್ ದಂಡು ದಿನಕ್ಕೆ ಸುಮಾರು 35,000 ಜನರ ಆಹಾರದಷ್ಟು ತಿನ್ನಬಲ್ಲದು. ಆದರೆ ಹೆದರಿ ಹೊಡೆಯುವ ಔಷಧ ಜೇನುಹುಳುವನ್ನೂ ಕೊಲ್ಲುತ್ತದೆ, ಖರ್ಚೂ ರೈತನದೇ. ದಂಡಿನ ಮರುಭೂಮಿ ಮಿಡತೆ ಗುಲಾಬಿ ಅಥವಾ ಹಳದಿ ಬಣ್ಣದ್ದಾಗಿದ್ದು, ಹಗಲಲ್ಲಿ ಲಕ್ಷಗಟ್ಟಲೆ ಒಟ್ಟಾಗಿ ಹಾರುತ್ತದೆ. ಅನುಮಾನವಿದ್ದರೆ ಫೋಟೊವನ್ನು ಮೊದಲು ಹತ್ತಿರದ ರೈತ ಸಂಪರ್ಕ ಕೇಂದ್ರಕ್ಕೆ ತೋರಿಸಿ, ಗ್ರೂಪ್‌ಗೆ ಆಮೇಲೆ ಕಳಿಸಿ.