ಫ್ಲಾರೆನ್ಸ್ ನೈಟಿಂಗೇಲಳು ಬಿಟ್ಟುದೂ ಹಿಡಿದುದೂ

ದೀಪಧಾರಿಣಿಯೆಂದು ಲೋಕವು ಕೊಂಡಾಡುವ ಫ್ಲಾರೆನ್ಸ್ ನೈಟಿಂಗೇಲಳ ಹೆಸರನ್ನು ಕೇಳದ ವಿದ್ಯಾರ್ಥಿನಿಯರು ವಿರಳ. ಆದರೆ ಯುದ್ಧದ ಆಸ್ಪತ್ರೆಗಳಲ್ಲಿ ಆಕೆಯು ಆ ದೀಪವನ್ನು ಹಿಡಿದಿದ್ದುದು ಎರಡು ವರ್ಷಗಳಿಗಿಂತಲೂ ಕಡಿಮೆ ಕಾಲ. ತನ್ನ ದೀರ್ಘಾಯುಷ್ಯದಲ್ಲಿ ಆಕೆಯು ಏನನ್ನು ಬಿಟ್ಟಳು, ಏನನ್ನು ಹಿಡಿದಳು ಎಂಬುದು ನಮ್ಮ ಸಹೋದರಿಯರ ಮನನಕ್ಕೆ ಯೋಗ್ಯವಾಗಿದೆ.

ಆಕೆಯು ೧೮೨೦ನೆಯ ಇಸವಿ ಮೇ ೧೨ರಂದು ಇಟಲಿಯ ಫ್ಲಾರೆನ್ಸ್ ಪಟ್ಟಣದಲ್ಲಿ, ಸಿರಿವಂತರಾದ ಆಂಗ್ಲ ದಂಪತಿಗಳಿಗೆ ಜನಿಸಿದಳು. ತಂದೆಯೇ ಗುರುವಾಗಿ ಗ್ರೀಕ್, ಲ್ಯಾಟಿನ್ ಮೊದಲಾದ ಭಾಷೆಗಳನ್ನು ಕಲಿಸಿದನು. ೧೮೩೭ರಲ್ಲಿ, ದೇವರು ತನ್ನನ್ನು ಸೇವೆಗೆ ಕರೆದನೆಂದು ಆಕೆಯು ನಂಬಿದಳು. ಆಗ ದಾದಿಯ ಕೆಲಸವು ಕುಲೀನ ಸ್ತ್ರೀಯರಿಗೆ ಹೀನವೆನಿಸಿದ್ದುದರಿಂದ ತಾಯಿಯೂ ಅಕ್ಕನೂ ಬಹುವಾಗಿ ವಿರೋಧಿಸಿದರು. ರಿಚರ್ಡ್ ಮಾಂಕ್‌ಟನ್ ಮಿಲ್ನ್ಸ್ ಎಂಬ ಗಣ್ಯನು ಆಕೆಯ ಕೈಹಿಡಿಯಲು ವರ್ಷಗಟ್ಟಲೆ ಕಾದಿದ್ದನು. ಆಕೆಗೂ ಅವನಲ್ಲಿ ಅನುರಾಗವಿತ್ತು. ಆದರೂ ಔತಣಕೂಟಗಳಲ್ಲಿಯೂ ಗೃಹಾಡಂಬರದಲ್ಲಿಯೂ ತನ್ನ ಶಕ್ತಿಯು ವ್ಯಯವಾಗುವುದೆಂದು ಬಗೆದು, ೧೮೪೯ರಲ್ಲಿ ಆ ವಿವಾಹವನ್ನು ನೋವಿನಿಂದಲೇ ನಿರಾಕರಿಸಿದಳು. ೧೮೫೧ರಲ್ಲಿ ಜರ್ಮನಿಯ ಕೈಸರ್ಸ್‌ವರ್ಟ್ ಎಂಬಲ್ಲಿ ಶುಶ್ರೂಷೆಯನ್ನು ಅಭ್ಯಸಿಸಿದಳು.

ಕ್ರಿಮಿಯಾ ಯುದ್ಧದಲ್ಲಿ, ೧೮೫೪ರ ನವೆಂಬರಿನಲ್ಲಿ, ೩೮ ಮಂದಿ ಪರಿಚಾರಿಕೆಯರೊಡನೆ ತುರ್ಕಿಯ ಸ್ಕುಟಾರಿಯ ಸೈನಿಕ ಆಸ್ಪತ್ರೆಯನ್ನು ಸೇರಿದಳು. ರಾತ್ರಿಯಲ್ಲಿ ದೀಪ ಹಿಡಿದು ರೋಗಿಗಳನ್ನು ವಿಚಾರಿಸಿದಳು. ಆದರೂ ೧೮೫೫ರ ಫೆಬ್ರವರಿಯಲ್ಲಿ ಅಲ್ಲಿಯ ರೋಗಿಗಳಲ್ಲಿ ನೂರಕ್ಕೆ ೪೦ಕ್ಕೂ ಹೆಚ್ಚು ಮಂದಿ ಸತ್ತರು. ಮಾರ್ಚಿಯಲ್ಲಿ ನೈರ್ಮಲ್ಯಾಧಿಕಾರಿಗಳು ಬಂದು ಚರಂಡಿಗಳನ್ನು ತೊಳೆಯಿಸಿ, ಶುದ್ಧವಾದ ಗಾಳಿ ಆಡುವಂತೆ ಮಾಡಿದ ಬಳಿಕ ಮರಣಗಳು ಬಹಳವಾಗಿ ಇಳಿದುವು.

೧೮೫೬ರಲ್ಲಿ ಸ್ವದೇಶಕ್ಕೆ ಮರಳುವಾಗ ಜನರು ಭಾರಿ ಸತ್ಕಾರವನ್ನು ಸಿದ್ಧಪಡಿಸಿದ್ದರು. ಆಕೆಯು ಅದನ್ನೊಲ್ಲದೆ ಹೆಸರು ಮರೆಸಿ ಪ್ರಯಾಣಮಾಡಿ ಸದ್ದಿಲ್ಲದೆ ಮನೆ ಸೇರಿದಳು. ತರುವಾಯ ಸಂಖ್ಯಾಶಾಸ್ತ್ರಜ್ಞ ವಿಲಿಯಂ ಫಾರನ ನೆರವಿನಿಂದ ಯುದ್ಧದ ಮರಣಗಳ ಲೆಕ್ಕವನ್ನು ಶೋಧಿಸಲು, ಗಾಯಗಳಿಗಿಂತ ರೋಗಗಳೇ ಬಹು ಹೆಚ್ಚು ಸೈನಿಕರನ್ನು ಕೊಂದುವೆಂಬುದು ಸ್ಪಷ್ಟವಾಯಿತು. ಅಂದಿನಿಂದ ತಡೆಯಬಹುದಾದ ಮರಣಗಳನ್ನು ತಡೆಯುವುದೇ ಆಕೆಯ ಏಕೈಕ ಗುರಿಯಾಯಿತು. ಅದಕ್ಕಾಗಿ ತನಗೆ ಕೀರ್ತಿ ತಂದ ಹಾಸಿಗೆಯ ಬಳಿಯ ಸೇವೆಯನ್ನೇ ಬಿಟ್ಟಳು. ೧೮೫೭ರಿಂದ ಕಾಯಿಲೆಯು ಆಕೆಯನ್ನು ಬಹುಪಾಲು ಕೊಠಡಿಯಲ್ಲಿಯೇ ಇರಿಸಿತು. ಅಲ್ಲಿಂದಲೇ ಅಂಕಿಗಳನ್ನು ಬಣ್ಣದ ನಕ್ಷೆಗಳಾಗಿ ಮಾಡಿ ಮಂತ್ರಿಗಳ ಕಣ್ಣು ತೆರೆಯಿಸಿದಳು. ಲೋಕಾಭಿರಾಮದ ಭೇಟಿಗಳಿಗೆ ಬಾಗಿಲು ಮುಚ್ಚಿದಳು.

ಜನರು ಕೂಡಿಸಿಕೊಟ್ಟ ನಿಧಿಯಿಂದ ೧೮೬೦ರಲ್ಲಿ ಲಂಡನ್ನಿನ ಸೇಂಟ್ ಥಾಮಸ್ ಆಸ್ಪತ್ರೆಯಲ್ಲಿ ದಾದಿಯರ ಶಾಲೆಯು ಆರಂಭವಾಯಿತು. ಅದರ ಆಡಳಿತವನ್ನೂ ಬೇರೊಬ್ಬಳಿಗೆ ವಹಿಸಿದಳು. ಭಾರತವನ್ನು ಕಣ್ಣಾರೆ ಕಾಣದಿದ್ದರೂ ಇಲ್ಲಿಯ ದಂಡುಪ್ರದೇಶಗಳಿಗೆ ಪ್ರಶ್ನಾವಳಿಯನ್ನು ಕಳುಹಿಸಿ, ನೀರು ಚರಂಡಿಗಳ ಸ್ಥಿತಿಯನ್ನು ತಿಳಿದಳು. ೧೮೬೩ರಲ್ಲಿ ಹೊರಬಿದ್ದ ಭಾರತ ಸೈನ್ಯದ ಆರೋಗ್ಯವನ್ನು ಕುರಿತ ವರದಿಗೆ ಆಕೆಯ ಪರಿಶ್ರಮವೇ ಆಧಾರವಾಗಿತ್ತು.

೧೯೧೦ನೆಯ ಆಗಸ್ಟ್ ೧೩ರಂದು, ತೊಂಬತ್ತು ವರ್ಷದವಳಾಗಿ ಆಕೆಯು ತೀರಿಕೊಂಡಳು. ವೆಸ್ಟ್‌ಮಿನ್‌ಸ್ಟರ್ ದೇವಾಲಯದಲ್ಲಿ ಸಮಾಧಿಯ ಗೌರವವು ದೊರೆಯುತ್ತಿದ್ದರೂ ಬಂಧುಗಳು ಅದನ್ನು ಒಪ್ಪಲಿಲ್ಲ. ಈಸ್ಟ್ ವೆಲ್ಲೋ ಎಂಬ ಹಳ್ಳಿಯ ಕುಟುಂಬದ ಸಮಾಧಿಯಲ್ಲಿ ಆಕೆಯನ್ನು ಇರಿಸಿದರು. ಕಲ್ಲಿನ ಮೇಲೆ ಆಕೆಗಾಗಿ ಕೆತ್ತಿದುದು ಹೆಸರಿನ ಎರಡು ಮೊದಲಕ್ಷರಗಳು, ಜನನ ಮರಣಗಳ ದಿನಾಂಕಗಳು, ಇಷ್ಟೇ.

ಕೆಟ್ಟುದನ್ನು ಬಿಡುವುದು ಸಾಮಾನ್ಯ ನೀತಿ. ಮೇಲಾದುದಕ್ಕಾಗಿ ಒಳ್ಳೆಯದನ್ನೂ ಬಿಡಬೇಕಾದೀತೆಂಬುದನ್ನು ಈ ಮಹನೀಯಳ ಬಾಳು ತೋರಿಸುತ್ತದೆ. ಅನೇಕ ಕಾರ್ಯಗಳ ನಡುವೆ ಬಳಲುವ ನಮ್ಮ ಹಳೆಯ ವಿದ್ಯಾರ್ಥಿನಿಯರೂ, ಹೆಣ್ಣುಮಕ್ಕಳ ಭವಿಷ್ಯವನ್ನು ಚಿಂತಿಸುವ ತಾಯಿತಂದೆಗಳೂ ಇದನ್ನು ನೆನೆಯಲಿ.