ಒಡೆದ ಗಾಜಿನ ಕೊಳವೆ ಕಲಿಸಿದ ಪಾಠ

ಬ್ಯಾಕ್ಟೀರಿಯಾಗಳಿಗೂ ವೈರಸ್ ಕಾಟ ತಪ್ಪಿದ್ದಲ್ಲ. ಅವುಗಳನ್ನು ಕಾಡುವ ವೈರಸ್‌ಗಳಿಗೆ ಫೇಜ್ ಎಂದು ಹೆಸರು. ಫೇಜ್ ತನ್ನ ಡಿಎನ್ಎಯನ್ನು ಬ್ಯಾಕ್ಟೀರಿಯಾದೊಳಗೆ ತೂರಿಸಿ, ಅಲ್ಲಿನ ಸಾಮಗ್ರಿಯನ್ನೇ ಬಳಸಿಕೊಂಡು ತನ್ನ ಪ್ರತಿಗಳನ್ನು ಮಾಡಿಕೊಳ್ಳುತ್ತದೆ. ಆದರೆ ಅತಿಥಿಯ ಆಟ ಎಷ್ಟು ನಡೆಯಬೇಕು ಎಂಬುದರಲ್ಲಿ ಮನೆಯೊಡೆಯನ ಜೀನ್‌ಗಳಿಗೂ ಪಾಲಿದೆ. ಇದನ್ನು ಮೊದಲು ಗುರುತಿಸಿದವರಲ್ಲಿ ಸಾಲ್ವಡಾರ್ ಲೂರಿಯಾ ಪ್ರಮುಖರು.

ಲೂರಿಯಾ ಹುಟ್ಟಿದ್ದು 1912ರ ಆಗಸ್ಟ್ 13ರಂದು, ಇಟಲಿಯ ಟ್ಯೂರಿನ್ ನಗರದ ಯಹೂದಿ ಕುಟುಂಬದಲ್ಲಿ. ಓದಿದ್ದು ವೈದ್ಯಕೀಯ, ಮನಸ್ಸು ಎಳೆದದ್ದು ಭೌತವಿಜ್ಞಾನದ ಕಡೆಗೆ. 1938ರಲ್ಲಿ ಅಮೆರಿಕಕ್ಕೆ ಹೋಗಲು ಫೆಲೋಶಿಪ್ ಕೈಗೆ ಬಂದಿತ್ತು. ಅಷ್ಟರಲ್ಲಿ ಮುಸೊಲಿನಿ ಸರ್ಕಾರ ಯಹೂದಿಗಳ ವಿರುದ್ಧ ಜನಾಂಗೀಯ ಕಾನೂನು ತಂದಿತು, ಫೆಲೋಶಿಪ್ ರದ್ದಾಯಿತು. ಅವರು ಪ್ಯಾರಿಸ್ ಸೇರಿದರು. 1940ರಲ್ಲಿ ನಾಜಿ ಸೈನ್ಯ ಅಲ್ಲಿಗೂ ಬಂದಾಗ ಸೈಕಲ್ ಏರಿ ದಕ್ಷಿಣದ ಮಾರ್ಸೇಗೆ ಹೊರಟರು. ಅದೇ ಸೆಪ್ಟೆಂಬರ್‌ನಲ್ಲಿ ನ್ಯೂಯಾರ್ಕ್ ತಲುಪಿದರು.

ಅಮೆರಿಕದಲ್ಲಿ ಮ್ಯಾಕ್ಸ್ ಡೆಲ್‌ಬ್ರುಕ್ ಜೊತೆಯಾದರು. ಫೇಜ್ ದಾಳಿಯನ್ನು ತಡೆದುಕೊಳ್ಳುವ ಶಕ್ತಿ ಬ್ಯಾಕ್ಟೀರಿಯಾಗಳಿಗೆ ದಾಳಿಯ ನಂತರ ಬರುವುದಲ್ಲ, ಮೊದಲೇ ಆಕಸ್ಮಿಕವಾಗಿ ಆದ ಜೀನ್ ಬದಲಾವಣೆಯಿಂದ ಬರುತ್ತದೆ ಎಂದು ಇಬ್ಬರೂ 1943ರಲ್ಲಿ ತೋರಿಸಿದರು. ಆ ಪ್ರಯೋಗದ ಉಪಾಯ ಲೂರಿಯಾಗೆ ಹೊಳೆದದ್ದು ಸ್ಲಾಟ್ ಮೆಷೀನ್ ಜೂಜನ್ನು ನೋಡುತ್ತಿದ್ದಾಗ!

ಮುಂದಿನದು ಇಲಿನಾಯ್ ವಿಶ್ವವಿದ್ಯಾಲಯದ ಕಥೆ. ಒಂದು ಬಗೆಯ ರೂಪಾಂತರಿ ಇ. ಕೋಲಿ ಬ್ಯಾಕ್ಟೀರಿಯಾ ಫೇಜ್ ಹೊಕ್ಕರೆ ಸಾಯುತ್ತಿತ್ತು, ಆದರೆ ಫೇಜ್‌ನ ಮರಿಗಳು ಕಾಣುತ್ತಿರಲಿಲ್ಲ. ಒಂದು ದಿನ ಪರೀಕ್ಷೆಗೆ ಬೇಕಾದ ಸಾಮಾನ್ಯ ಇ. ಕೋಲಿ ಇದ್ದ ಗಾಜಿನ ಕೊಳವೆ ಒಡೆದುಹೋಯಿತು. ಲೂರಿಯಾ ಸಹೋದ್ಯೋಗಿ ಬೆರ್ತಾನಿಯಿಂದ ಶಿಗೆಲ್ಲಾ ಎಂಬ ಬೇರೆ ಬ್ಯಾಕ್ಟೀರಿಯಾವನ್ನು ಎರವಲು ಪಡೆದರು. ಅದರ ಮೇಲೆ ಫೇಜ್‌ಗಳು ಧಾರಾಳವಾಗಿ ಬೆಳೆದವು! ಮರಿಗಳು ಹುಟ್ಟಿಯೇ ಇದ್ದವು, ಇ. ಕೋಲಿಯಲ್ಲಿ ಬೆಳೆಯುವ ಶಕ್ತಿ ಮಾತ್ರ ಕಳೆದುಕೊಂಡಿದ್ದವು. ಶಿಗೆಲ್ಲಾದಲ್ಲಿ ಒಂದು ಸುತ್ತು ಬೆಳೆದರೆ ಮತ್ತೆ ಮೊದಲಿನಂತಾಗುತ್ತಿದ್ದವು. ಹಾಗಾಗಿ ಇದು ಫೇಜ್‌ನ ಜೀನ್ ಬದಲಾವಣೆಯಲ್ಲ, ಮನೆಯೊಡೆಯ ಒತ್ತಿದ ಮುದ್ರೆ. ಮೇರಿ ಹ್ಯೂಮನ್ ಜೊತೆಗೂಡಿ 1952ರಲ್ಲಿ ಇದನ್ನು ಪ್ರಕಟಿಸಿದರು.

ಕಾರಣ ತಿಳಿದದ್ದು ನಂತರದ ವರ್ಷಗಳಲ್ಲಿ. ಈ ಫೇಜ್ ತನ್ನ ಡಿಎನ್ಎಗೆ ಗ್ಲೂಕೋಸ್‌ನ ಹೊದಿಕೆ ತೊಡಿಸುತ್ತದೆ. ಅದಕ್ಕೆ ಬೇಕಾದ ಕಚ್ಚಾವಸ್ತುವನ್ನು ಒದಗಿಸುವುದು ಬ್ಯಾಕ್ಟೀರಿಯಾದ ಒಂದು ಜೀನ್. ಆ ಜೀನ್ ಕೆಟ್ಟರೆ ಹೊದಿಕೆಯಿಲ್ಲದ ಡಿಎನ್ಎ ಹೊರಬರುತ್ತದೆ, ಸಾಮಾನ್ಯ ಇ. ಕೋಲಿಯ ಕಿಣ್ವಗಳು ಅದನ್ನು ಕತ್ತರಿಸಿ ಹಾಕುತ್ತವೆ. ಬ್ಯಾಕ್ಟೀರಿಯಾಗಳ ಇಂಥ ರಕ್ಷಣೆಯ ಬೆನ್ನುಹತ್ತಿದ ವರ್ನರ್ ಆರ್ಬರ್ ಮತ್ತಿತರರು ಡಿಎನ್ಎ ಕತ್ತರಿಸುವ ಕಿಣ್ವಗಳ ಸಂಶೋಧನೆಗೆ 1978ರ ನೊಬೆಲ್ ಪಡೆದರು. ಬ್ಯಾಕ್ಟೀರಿಯಾದಿಂದ ಮನುಷ್ಯರ ಇನ್ಸುಲಿನ್ ತಯಾರಿಸಲು ಸಾಧ್ಯವಾದದ್ದು ಅಂಥ ಕತ್ತರಿಗಳಿಂದಲೇ.

ಆಶ್ರಯ ಕೊಟ್ಟ ದೇಶವೂ ಲೂರಿಯಾರನ್ನು ಸುಮ್ಮನೆ ಬಿಡಲಿಲ್ಲ. ಎಡಪಂಥೀಯ ನಿಲುವಿನ ಕಾರಣಕ್ಕೆ 1952ರಲ್ಲಿ ಇಂಗ್ಲೆಂಡಿನ ಸಮ್ಮೇಳನಕ್ಕೆ ಹೋಗಲು ಪಾಸ್‌ಪೋರ್ಟ್ ಸಿಗಲಿಲ್ಲ. ಆದರೂ ಅವರು ಬಾಯಿ ಮುಚ್ಚಿಕೊಂಡು ಕೂರಲಿಲ್ಲ; ವಿಯೆಟ್ನಾಂ ಯುದ್ಧವನ್ನು ಬಹಿರಂಗವಾಗಿ ವಿರೋಧಿಸಿದರು. 1969ರಲ್ಲಿ ಡೆಲ್‌ಬ್ರುಕ್, ಹರ್ಷಿ ಜೊತೆ ನೊಬೆಲ್ ಬಂದಾಗ ಹಣದ ಒಂದು ಭಾಗವನ್ನು ಯುದ್ಧವಿರೋಧಿ ಸಂಘಟನೆಗಳಿಗೆ ಕೊಟ್ಟರು.

1991ರ ಫೆಬ್ರುವರಿ 6ರಂದು ಲೂರಿಯಾ ತೀರಿಕೊಂಡರು. ತಮ್ಮ ಆತ್ಮಕಥೆಯ ಶೀರ್ಷಿಕೆಯಲ್ಲಿ ಅವರು ನೊಬೆಲ್ ಪದಕಕ್ಕೆ ಜಾಗ ಕೊಡಲಿಲ್ಲ; ಸ್ಲಾಟ್ ಮೆಷೀನ್‌ಗೂ ಒಡೆದ ಕೊಳವೆಗೂ ಕೊಟ್ಟರು. ಗಾಜು ಎಲ್ಲರ ಕೈಯಲ್ಲೂ ಒಡೆಯುತ್ತದೆ. ಲೂರಿಯಾ ಅಂದಿನ ಪ್ರಯೋಗವನ್ನು ನಾಳೆಗೆ ಮುಂದೂಡಲಿಲ್ಲ, ಅಷ್ಟೇ.