ಬಿ. ಎಂ. ಶ್ರೀಕಂಠಯ್ಯನವರು

ಹಳ್ಳಿಯ ಪಾಠಶಾಲೆಯ ಉಪಾಧ್ಯಾಯನು ತಾನು ಕಲಿತದ್ದಕ್ಕಿಂತ ಹೆಚ್ಚಿನದನ್ನು ಮಕ್ಕಳಿಗೆ ಕಲಿಸಲಾರನು. ಹಾಗಾದರೆ ಆ ಉಪಾಧ್ಯಾಯನಿಗೆ ಕಲಿಸುವವರು ಯಾರು? ಈ ಪ್ರಶ್ನೆಗೆ ತಮ್ಮ ಜೀವಮಾನದ ಕೆಲಸದಿಂದ ಉತ್ತರ ಕೊಟ್ಟ ಒಬ್ಬರ ವೃತ್ತಾಂತವನ್ನು ಇಲ್ಲಿ ಬರೆಯುತ್ತೇವೆ. ಅವರು ನಮ್ಮ ಸೀಮೆಯವರೇ.

ಶ್ರೀಕಂಠಯ್ಯನವರ ಮನೆತನದ ಊರು ನಾಗಮಂಗಲ ತಾಲ್ಲೂಕಿನ ಬೆಳ್ಳೂರು. ಅವರು 1884ನೆಯ ಇಸವಿ ಜನವರಿ 3ನೆಯ ತಾರೀಖಿನಲ್ಲಿ ತುಮಕೂರು ಜಿಲ್ಲೆಯ ಸಂಪಿಗೆ ಎಂಬ ಗ್ರಾಮದಲ್ಲಿ ಹುಟ್ಟಿದರು. ತಂದೆಯಾದ ಮೈಲಾರಯ್ಯನವರು ಶ್ರೀರಂಗಪಟ್ಟಣದಲ್ಲಿ ವಕೀಲರಾಗಿದ್ದದರಿಂದ ಬಾಲಕನ ಮೊದಲಿನ ವಿದ್ಯಾಭ್ಯಾಸವು ಕಾವೇರಿಯ ದಡದ ಆ ಊರಿನಲ್ಲಿಯೇ ನಡೆಯಿತು. ತರುವಾಯ ಅವರು ಮೈಸೂರು, ಬೆಂಗಳೂರು, ಮದರಾಸುಗಳಲ್ಲಿ ಓದಿ, ಎಂ.ಎ. ಪದವಿಯನ್ನು ಹೊಂದಿ, ಮೈಸೂರಿನ ಮಹಾರಾಜಾ ಕಾಲೇಜಿನಲ್ಲಿ ಇಂಗ್ಲಿಷ್ ಅಧ್ಯಾಪಕರಾದರು.

ಇಂಗ್ಲಿಷನ್ನು ಕಲಿಸಿ ಸಂಬಳ ಪಡೆಯುವವರಿಗೆ ಕನ್ನಡದ ಚಿಂತೆ ಏಕೆಂದು ಕೆಲವರು ಕೇಳಬಹುದು. ಆ ದಿನಗಳಲ್ಲಿ ಮೇಲಿನ ವಿದ್ಯೆಯೆಲ್ಲವೂ ಇಂಗ್ಲಿಷಿನಲ್ಲಿಯೇ ಇತ್ತು. ಕನ್ನಡವು ಕೆಳಗಿನ ತರಗತಿಗಳಿಗೆ ಸಾಕಾದ ಭಾಷೆಯೆಂದು ಓದಿದವರೇ ಎಣಿಸುತ್ತಿದ್ದರು. ಹೀಗಿರಲಾಗಿ ಕಾಲೇಜಿನಲ್ಲಿ ಬೆಳೆದ ತಿಳುವಳಿಕೆಯು ಕೊಳಗದ ಕೆಳಗಿಟ್ಟ ದೀಪದಂತೆ ಅಲ್ಲಿಯೇ ಉಳಿಯುತ್ತಿತ್ತು. ಹಳ್ಳಿಯ ಶಾಲೆಯು ಕತ್ತಲೆಯಲ್ಲಿಯೇ ಇರುತ್ತಿತ್ತು. ಶ್ರೀಕಂಠಯ್ಯನವರು ಇದನ್ನು ಕಂಡು ನೊಂದುಕೊಂಡರು. 1911ರಲ್ಲಿ ಧಾರವಾಡದ ವಿದ್ಯಾವರ್ಧಕ ಸಂಘದಲ್ಲಿ ಕನ್ನಡವು ತಲೆಯೆತ್ತಬೇಕಾದ ಬಗೆಯನ್ನು ಕುರಿತು ಉಪನ್ಯಾಸ ಮಾಡಿದರು. ಆಗ ಅವರ ವಯಸ್ಸು 27.

1916ರಲ್ಲಿ ಮೈಸೂರು ವಿಶ್ವವಿದ್ಯಾನಿಲಯವು ಸ್ಥಾಪಿಸಲ್ಪಟ್ಟಿತು. ಹತ್ತು ವರ್ಷಗಳ ಮೇಲೆ ಶ್ರೀಕಂಠಯ್ಯನವರು ಅದರ ರಿಜಿಸ್ಟ್ರಾರರಾಗಿ ನೇಮಿಸಲ್ಪಟ್ಟರು. ಅಧಿಕಾರ ಬಂದ ಮೇಲೆ ಹಿಂದೆ ಆಡಿದ ಮಾತನ್ನು ಮರೆಯುವವರು ಬಹಳ ಜನ. ಇವರು ಹಾಗೆ ಮರೆಯಲಿಲ್ಲ. 1927ರಲ್ಲಿ ಕನ್ನಡದ ಎಂ.ಎ. ತರಗತಿಯು ಅಲ್ಲಿ ಆರಂಭವಾಯಿತು. ಟಿ. ಎಸ್. ವೆಂಕಣ್ಣಯ್ಯನವರಂಥ ಗುರುಗಳು ಅದರಲ್ಲಿ ಪಾಠ ಹೇಳಿದರು. ಕುವೆಂಪು ಅವರು 1929ರಲ್ಲಿ ಈ ತರಗತಿಯಿಂದ ಹೊರಬಂದು ತಾವೇ ಅಧ್ಯಾಪಕರಾದರು. ಆಮೇಲೆ ಅಲ್ಲಿ ಓದಿದ ಜಿ. ಪಿ. ರಾಜರತ್ನಂ ಅವರು ಬರೆದ ಶಿಶುಗೀತೆಗಳನ್ನು ಹಳ್ಳಿಯ ಮಕ್ಕಳು ಕೈ ತಟ್ಟಿ ಹಾಡಿದರು. ಮೇಲಿನ ಕೆರೆಯ ತೂಬು ತೆರೆದರೆ ಕೆಳಗಿನ ಗದ್ದೆಗೆ ನೀರು ಹೇಗೆ ಹರಿಯುವುದೋ ಇದೂ ಹಾಗೆಯೇ ಆಯಿತು.

ಇವರು ಇಂಗ್ಲಿಷನ್ನು ಹಗೆಮಾಡಲಿಲ್ಲ. ಅದರ ಸಂಪತ್ತನ್ನು ಕನ್ನಡಿಗರ ಮನೆಗೆ ತಂದರು. 1926ರಲ್ಲಿ ಪ್ರಕಟವಾದ ‘ಇಂಗ್ಲಿಷ್ ಗೀತಗಳು’ ಎಂಬ ಪುಸ್ತಕದಿಂದ ಕನ್ನಡ ಪದ್ಯಕ್ಕೆ ಹೊಸ ದಾರಿ ಉಂಟಾಯಿತು. ಇರುಳಿನಲ್ಲಿ ಕೈಹಿಡಿದು ನಡಿಸೆಂದು ಬೆಳಕನ್ನು ಬೇಡುವ ನ್ಯೂಮನ್ನರ ಕೀರ್ತನೆಯನ್ನು ಕನ್ನಡಕ್ಕೆ ತಂದವರು ಇವರೇ. ಕ್ರೈಸ್ತರಲ್ಲದವರ ಮನೆಗಳಲ್ಲಿಯೂ ಶಾಲೆಗಳಲ್ಲಿಯೂ ಅದು ಹಾಡಲ್ಪಡುತ್ತದೆ. ಪಾಂಡವಪುರ ತಾಲ್ಲೂಕಿನ ಮೇಲುಕೋಟೆಯಲ್ಲಿ ಹುಟ್ಟಿದ ಪು. ತಿ. ನರಸಿಂಹಾಚಾರ್ಯರೂ, ಕೃಷ್ಣರಾಜಪೇಟೆ ತಾಲ್ಲೂಕಿನ ಅಕ್ಕಿಹೆಬ್ಬಾಳಿನ ಎ. ಎನ್. ಮೂರ್ತಿರಾಯರೂ ಮಹಾರಾಜಾ ಕಾಲೇಜಿನಲ್ಲಿ ಓದಿ, ಕನ್ನಡದ ಹಿರಿಯ ಲೇಖಕರಾದರು.

ಆದರೆ ಕಾಲೇಜಿನ ಬಾಗಿಲಿಗೆ ಬರಲಾರದವರ ಗತಿ ಏನು? 1938ರಿಂದ 1942ರ ವರೆಗೆ ಕನ್ನಡ ಸಾಹಿತ್ಯ ಪರಿಷತ್ತಿನ ಉಪಾಧ್ಯಕ್ಷರಾಗಿದ್ದಾಗ ಇವರು ಅಂಥವರನ್ನು ನೆನೆದರು. ‘ಕನ್ನಡ ನುಡಿ’ ಎಂಬ ಪತ್ರಿಕೆಯನ್ನು ಹೊರಡಿಸಿದರು. ಕಾವ, ಜಾಣ ಎಂಬ ಪರೀಕ್ಷೆಗಳನ್ನು ಏರ್ಪಡಿಸಿದರು. ದೂರದ ಊರಿನವರೂ ತಮ್ಮ ಕೆಲಸವನ್ನು ಬಿಡದೆ ಓದಿ, ಈ ಪರೀಕ್ಷೆಗಳಿಗೆ ಕೂತು, ತಮ್ಮ ಭಾಷೆಯಲ್ಲಿ ನೆಲೆಗೊಳ್ಳುವುದಕ್ಕೆ ಮಾರ್ಗವಾಯಿತು.

ಸರಕಾರದ ಕೆಲಸದಿಂದ ನಿವೃತ್ತರಾದ ಮೇಲೆಯೂ ಇವರು ವಿಶ್ರಾಂತಿಯನ್ನು ಬಯಸದೆ ಧಾರವಾಡಕ್ಕೆ ಹೋಗಿ ಅಲ್ಲಿಯ ಒಂದು ಕಾಲೇಜಿನ ಪ್ರಿನ್ಸಿಪಾಲರಾದರು. ಆ ಸೇವೆಯಲ್ಲಿರುವಾಗಲೇ 1946ನೆಯ ಇಸವಿ ಜನವರಿ 5ರಲ್ಲಿ ತೀರಿಹೋದರು.

ವಾಚಕರೇ, ಹೆಚ್ಚು ಕಲಿತವನು ಕಡಿಮೆ ಕಲಿತವನಿಗೆ ಸಾಲಗಾರನು. ಈ ಸಾಲವನ್ನು ಶ್ರೀಕಂಠಯ್ಯನವರು ತಮ್ಮ ಜನರ ಮಾತಿನಲ್ಲಿಯೇ ತೀರಿಸಿದರು. ನಿಮ್ಮ ಊರಿನಿಂದ ಕಾಲೇಜಿಗೆ ಹೋದ ಮಗನಾಗಲಿ ಮಗಳಾಗಲಿ ರಜೆಯಲ್ಲಿ ಮನೆಗೆ ಬಂದಾಗ ಊರಿನ ಶಾಲೆಯ ಬಾಗಿಲಿಗೂ ಒಮ್ಮೆ ಹೋಗಿಬರಲಿ.